ತೂಕದ ಮಿಷನ್ ‘ಎರ್’ ಅಂದರೆ ಎಲ್ಲಿಂದ ಹುಡುಕಬೇಕು?

ಮೇಲೆ ನಿಂತು ತೂಕ ನೋಡುವ ಗಾಜಿನ ಡಿಜಿಟಲ್ ಮಿಷನ್ ಈಗ ನಮ್ಮ ಕಡೆ ಬಹಳ ಮನೆಗಳಲ್ಲಿ ಇದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪ, ಯಾವ ಊರೇ ಇರಲಿ, ಶುಗರ್, ಬಿಪಿ, ಥೈರಾಯ್ಡ್ ಅಂತ ಆಸ್ಪತ್ರೆಗೆ ಹೋದವರಿಗೆ ತೂಕ ನೋಡ್ಕೊಳ್ಳಿ ಅನ್ನುವ ಮಾತು ಸಿಕ್ಕೇ ಸಿಗುತ್ತದೆ. ಹಾರ್ಟ್ ತೊಂದರೆ ಇರುವವರಿಗೆ ದಿನಾ ಬೆಳಿಗ್ಗೆ ತೂಕ ಬರೆದಿಡಲು ಹೇಳುತ್ತಾರೆ. ಒಂದೇ ದಿನದಲ್ಲಿ ಒಂದು ಕೆಜಿಗಿಂತ ಜಾಸ್ತಿ, ಅಥವಾ ವಾರದಲ್ಲಿ ಎರಡು ಕೆಜಿಗಿಂತ ಜಾಸ್ತಿ ಏರಿದರೆ ಮೈಯಲ್ಲಿ ನೀರು ತುಂಬಿಕೊಳ್ಳುತ್ತಿರಬಹುದು, ತಡ ಮಾಡದೆ ಡಾಕ್ಟರಿಗೆ ತಿಳಿಸಬೇಕು. ಅಂಥ ಮನೆಯಲ್ಲಿ ಈ ಮಿಷನ್ ಕೆಟ್ಟು ಕೂತರೆ ಅದು ಸಣ್ಣ ವಿಷಯ ಅಲ್ಲ.

ನಾನು ಗಂಗಾವತಿಯಲ್ಲಿ ಎಲೆಕ್ಟ್ರಾನಿಕ್ ಸಾಮಾನು ರಿಪೇರಿ ಮಾಡುತ್ತೇನೆ. ‘ಅಣ್ಣಾ, ಬರೇ ಎರ್ ಅಂತ ತೋರ್ಸಾಕತ್ತೈತಿ, ಹೊಸಾದು ತಗೋಬೇಕೇನ್ರಿ?’ ಅಂತ ಕೇಳುತ್ತಾ ಮಿಷನ್ ಹಿಡಿದು ಬರುವವರು ಜಾಸ್ತಿ. ಹೆಚ್ಚಿನ ಸಲ ಹೊಸದು ಬೇಕಾಗುವುದಿಲ್ಲ. ಎರ್ ಅಂದರೆ ಇಂಗ್ಲಿಷಿನ ಎರರ್, ದೋಷ. ಅದು ಬರುವುದು ಒಂದು ರೀತಿಯಲ್ಲಿ ಒಳ್ಳೆಯದೇ. ನನಗೆ ಸರಿಯಾಗಿ ಅಳೆಯಲು ಆಗುತ್ತಿಲ್ಲ ಅಂತ ಮಿಷನ್ ತಾನೇ ಹೇಳುತ್ತಿದೆ. ನನಗೆ ಭಯ ಆಗುವುದು ಏನೂ ಹೇಳದೆ ತಪ್ಪು ಅಂಕಿ ತೋರಿಸುವ ಮಿಷನ್ ಕಂಡಾಗ. ಈ ಬರಹದಲ್ಲಿ ಎರಡನ್ನೂ ಹೇಳುತ್ತೇನೆ.

ಒಳಗೆ ಏನಿದೆ

ಮಿಷನ್ ಬೋರಲು ಹಾಕಿದರೆ ನಾಲ್ಕು ಮೂಲೆಗೆ ನಾಲ್ಕು ಸಣ್ಣ ಕಾಲು ಕಾಣುತ್ತವೆ. ಪ್ರತಿ ಕಾಲಿನಲ್ಲಿ ಒಂದು ಉಕ್ಕಿನ ಪಟ್ಟಿ ಇರುತ್ತದೆ. ಅದೇ ಲೋಡ್ ಸೆಲ್. ನಾವು ಮೇಲೆ ನಿಂತಾಗ ಆ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್ ಕೂಡ ಜೊತೆಗೇ ಹಿಗ್ಗುತ್ತದೆ, ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟನ್ನು ತಡೆಯುವ ಗುಣ, ಚೂರೇ ಚೂರು ಬದಲಾಗುತ್ತದೆ. ನಾಲ್ಕು ಕಾಲಿನ ಗೇಜ್‌ಗಳನ್ನೂ ಸೇರಿಸಿ ಒಂದು ವೀಟ್‌ಸ್ಟೋನ್ ಬ್ರಿಜ್ ಮಾಡಿರುತ್ತಾರೆ, ಅಂದರೆ ಆ ಸಣ್ಣ ಬದಲಾವಣೆಯನ್ನು ವೋಲ್ಟೇಜಾಗಿ ತೋರಿಸುವ ಜೋಡಣೆ. ಪಿಯುಸಿಯಲ್ಲಿ ಸೈನ್ಸ್ ಓದಿದವರು ಲ್ಯಾಬಿನಲ್ಲಿ ಮೀಟರ್ ಬ್ರಿಜ್ ಪ್ರಯೋಗ ಮಾಡಿರುತ್ತೀರಿ, ಅದೇ ತತ್ವ. ಆ ಬ್ರಿಜ್‌ನಿಂದ ಬರುವ ತೀರಾ ಸಣ್ಣ ವೋಲ್ಟೇಜನ್ನು ಒಂದು ಚಿಪ್ ದೊಡ್ಡದು ಮಾಡಿ ಅಂಕಿಯಾಗಿ ಬದಲಿಸುತ್ತದೆ.

ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ನಾಲ್ಕು ಜನ ಸೇರಿ ಮಂಚ ಎತ್ತಿದ ಹಾಗೆ ನಾಲ್ಕೂ ಕಾಲು ನಿಮ್ಮ ಭಾರ ಹಂಚಿಕೊಳ್ಳಬೇಕು. ಒಂದು ಕಾಲು ನೆಲಕ್ಕೆ ಸರಿಯಾಗಿ ಕೂರದಿದ್ದರೂ ಲೆಕ್ಕ ತಪ್ಪುತ್ತದೆ. ಇನ್ನೊಂದು ವಿಷಯ: ಮಿಷನ್ ಮೊದಲು ಖಾಲಿ ಇದ್ದಾಗಿನ ಅಂಕಿಯನ್ನು ಸೊನ್ನೆ ಅಂತ ನೆನಪಿಟ್ಟುಕೊಳ್ಳುತ್ತದೆ, ನಿಂತಾಗಿನ ಅಂಕಿಯಲ್ಲಿ ಅದನ್ನು ಕಳೆಯುತ್ತದೆ. ಆ ಸೊನ್ನೆ ಕೆಟ್ಟರೆ ಮೇಲಿನ ತೂಕವೂ ಕೆಟ್ಟಿತು.

ಏನೂ ಕಾಣದಿದ್ದರೆ, ಅಥವಾ ‘ಎಲ್-ಓ’ ಬಂದರೆ

ಡಿಸ್‌ಪ್ಲೇಯಲ್ಲಿ ಪ್ರತಿ ಅಂಕಿಗೂ ಏಳು ಕಡ್ಡಿ ಮಾತ್ರ ಇರುತ್ತವೆ. ಅದರಲ್ಲೇ ಇಂಗ್ಲಿಷ್ ಅಕ್ಷರ ಮೂಡಿಸಬೇಕಾದ್ದರಿಂದ ಸೊಟ್ಟಂಬಟ್ಟ ಕಾಣುತ್ತವೆ. ‘ಎಲ್’ ಪಕ್ಕದಲ್ಲಿ ‘ಓ’ ಅಥವಾ ಸೊನ್ನೆಯಂಥದ್ದು ಬಂದರೆ ಸೆಲ್, ಅಂದರೆ ಬ್ಯಾಟರಿ, ಇಳಿದಿದೆ ಅಂತ ಅರ್ಥ. ಸುಮಾರು ಎಲ್ಲ ಕಂಪನಿಗಳಲ್ಲೂ ಇದಕ್ಕೆ ಒಂದೇ ಅರ್ಥ.

ಸೆಲ್ ಎರಡು ಬಗೆಯದು ಬರುತ್ತದೆ. ಕೆಲವಕ್ಕೆ ದುಂಡನೆಯ ಬಟನ್ ಸೆಲ್, ಅದರ ಮೇಲೆ ಸಿಆರ್ 2032 ಅಂತ ಬರೆದಿರುತ್ತದೆ. ಆ ನಂಬರೇ ಅಳತೆ: 20 ಮಿಮೀ ಅಗಲ, 3.2 ಮಿಮೀ ದಪ್ಪ. ಅಂಗಡಿಯಲ್ಲಿ ಅದು ಇಲ್ಲ ಅಂತ 2025 ಕೊಟ್ಟರೆ ತರಬೇಡಿ. ಅದೂ 3 ವೋಲ್ಟೇ, ಆದರೆ ದಪ್ಪ 2.5 ಮಿಮೀ. ಸೆಲ್ ಕೂರುವ ಜಾಗದಲ್ಲಿ ಸಡಿಲ ಕೂತು, ಕಾಲಿಟ್ಟಾಗ ಅಲುಗಾಡಿ, ಒಮ್ಮೆ ಬರುತ್ತದೆ ಒಮ್ಮೆ ಹೋಗುತ್ತದೆ. ಬೋರ್ಡೇ ಕೆಟ್ಟಿದೆ ಅಂತ ಜನ ತಿಳಿದುಕೊಳ್ಳುವುದು ಇಂಥ ಕಡೆ.

ಇನ್ನು ಕೆಲವಕ್ಕೆ ಸಣ್ಣ ಪೆನ್ಸಿಲ್ ಸೆಲ್, ಅಂದರೆ ಟಿವಿ ರಿಮೋಟಿಗೆ ಹಾಕುವ ತೆಳ್ಳನೆಯ ಸೆಲ್. ರೀಚಾರ್ಜ್ ಮಾಡುವ ಸೆಲ್ ಹಾಕಿದರೆ ತುಂಬ ಚಾರ್ಜ್ ಇದ್ದರೂ ‘ಎಲ್-ಓ’ ಬರಬಹುದು. ಮಾಮೂಲಿ ಸೆಲ್ ತಲಾ 1.5 ವೋಲ್ಟ್, ಎರಡಕ್ಕೆ 3. ರೀಚಾರ್ಜ್ ಸೆಲ್ ತಲಾ 1.2 ವೋಲ್ಟ್, ಎರಡಕ್ಕೆ 2.4 ಮಾತ್ರ. ಮಿಷನ್‌ಗೆ ಅದು ಇಳಿದ ಸೆಲ್‌ನಂತೆಯೇ ಕಾಣುತ್ತದೆ. ಹಾಗೇ ಒಂದು ಹಳೆಯದು, ಒಂದು ಹೊಸದು ಸೇರಿಸಿ ಹಾಕಬೇಡಿ.

ಹೊಸ ಸೆಲ್ ಹಾಕಿದರೂ ಕತ್ತಲೆಯೇ ಇದ್ದರೆ ಸೆಲ್ ಕೂರುವ ಜಾಗದ ಲೋಹದ ಪತ್ತಿ ನೋಡಿ. ನಮ್ಮ ಕಡೆ ಬಹಳ ಊರುಗಳಲ್ಲಿ ಬೋರ್ ನೀರು ಸವಳು. ಆ ನೀರಿನಲ್ಲಿ ನೆಲ ಒರೆಸಿದ ಒದ್ದೆ ಬಟ್ಟೆಯಲ್ಲೇ ಮಿಷನ್ನೂ ಒರೆಸುತ್ತಾರೆ, ಅಡಿಯಿಂದ ನೀರು ಒಳಗೆ ಹೋಗಿ ಪತ್ತಿಗೆ ಬಿಳಿ ಉಪ್ಪು, ಆಮೇಲೆ ತುಕ್ಕು. ಬಿಳಿ ಪುಡಿ ಇದ್ದರೆ ಕಿವಿಗೆ ಹಾಕುವ ಹತ್ತಿ ಕಡ್ಡಿಯಲ್ಲಿ ಒಂದು ಹನಿ ನಿಂಬೆರಸ ಹಚ್ಚಿ ಉಜ್ಜಿ. ಆಮೇಲೆ ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ಬರೀ ಮಸುಕಾಗಿದ್ದರೆ ಮಕ್ಕಳ ಪೆನ್ಸಿಲ್ ರಬ್ಬರ್ ಸಾಕು. ಹೊಸ ಮಿಷನ್ ಆಗಿದ್ದರೆ ಸೆಲ್ ಕೆಳಗಿನ ಪ್ಲಾಸ್ಟಿಕ್ ಚೀಟಿ ಎಳೆದಿದ್ದೀರಾ ಅಂತಲೂ ನೋಡಿ.

ಬಟನ್ ಸೆಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ಬಿಚ್ಚಿದ ಹಳೆ ಸೆಲ್ಲನ್ನು ಕಿಟಕಿ ಮೇಲೆ, ಗೂಡಿನಲ್ಲಿ ಸುಮ್ನೆ ಇಟ್ಟು ಮರೆಯಬೇಡಿ. ಸಣ್ಣ ಮಕ್ಕಳು ಬಾಯಿಗೆ ಹಾಕಿಕೊಂಡರೆ ಅದು ಅನ್ನನಾಳದಲ್ಲಿ ಸಿಕ್ಕಿ ಎರಡೇ ಗಂಟೆಯಲ್ಲಿ ಒಳಗೆ ಸುಡಬಲ್ಲದು. ಮಿಷನ್‌ಗೆ ಸಾಲದ ಹಳೆ ಸೆಲ್‌ನಲ್ಲೂ ಇದಕ್ಕೆ ಬೇಕಾದಷ್ಟು ಕರೆಂಟ್ ಉಳಿದಿರುತ್ತದೆ. ಮಗು ನುಂಗಿದೆ ಅಂತ ಅನುಮಾನ ಬಂದರೂ ಸಾಕು, ಎಲ್ಲ ಕೆಲಸ ಬಿಟ್ಟು ದೊಡ್ಡ ಆಸ್ಪತ್ರೆಗೆ ಹೋಗಿ. ವಾಂತಿ ಮಾಡಿಸಲು ಹೋಗಬೇಡಿ. ಹಳೆ ಸೆಲ್‌ನ ಎರಡೂ ಬದಿಗೆ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದಂತೆ ಡಬ್ಬಿಯಲ್ಲಿಡಿ.

‘ಎರ್’, ‘ಸಿ’, ಅಥವಾ ಅಂಕಿ ನಿಲ್ಲದೆ ಓಡಾಡುವುದು

‘ಎರ್’ ಮುಂದೆ 1, 2 ಅಂತ ನಂಬರ್ ಇದ್ದರೆ ಅದರ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಡಬ್ಬಿಯಲ್ಲಿ ಬಂದ ಚೀಟಿಯನ್ನೇ ನೋಡಬೇಕು. ಚೀಟಿ ಕಳೆದಿದ್ದರೂ ಚಿಂತೆ ಬೇಡ. ಹೆಚ್ಚಿನ ಸಲ ಈ ಸಂದೇಶಗಳು ಹೇಳುವುದು ಒಂದೇ: ಭಾರ ಸ್ಥಿರವಾಗಿಲ್ಲ, ಅಥವಾ ಸೊನ್ನೆ ಸರಿಯಿಲ್ಲ, ಇಳಿದು ಮತ್ತೆ ಹತ್ತಿ.

ಮೊದಲು ನೆಲ. ನಮ್ಮ ಹಳೆ ಮನೆಗಳಲ್ಲಿ ಬಂಡೆ ಹಾಸಿರುತ್ತಾರೆ, ಶಹಾಬಾದ್ ಕಲ್ಲು ಅಥವಾ ಕಡಪ ಕಲ್ಲು. ತಂಪಾಗಿರುತ್ತದೆ, ಗಟ್ಟಿಯೂ ಹೌದು. ಆದರೆ ಎರಡು ಕಲ್ಲಿನ ನಡುವೆ ಸಂದು ಇರುತ್ತದೆ, ಒಂದು ಕಲ್ಲು ಎತ್ತರ ಒಂದು ತಗ್ಗು. ಮಿಷನ್ನಿನ ಒಂದು ಕಾಲು ಸಂದಿನ ಮೇಲೆ ಕೂತರೆ ಅಲ್ಲಿಗೆ ಮುಗಿಯಿತು. ಬಚ್ಚಲು ಇನ್ನೂ ಕೆಟ್ಟ ಜಾಗ. ಇಂಗ್ಲಿಷಿನವರು ಇದನ್ನು ಬಾತ್‌ರೂಮ್ ಮಿಷನ್ ಅಂತಲೇ ಕರೆಯುತ್ತಾರೆ, ಆದರೆ ನಮ್ಮ ಬಚ್ಚಲ ನೆಲ ನೀರು ಹರಿದುಹೋಗಲಿ ಅಂತ ಇಳಿಜಾರು ಮಾಡಿದ್ದು. ಅಲ್ಲಿ ಒದ್ದೆಯೂ ಇರುತ್ತದೆ, ಗಾಜಿನ ಮೇಲೆ ಜಾರುವ ಭಯವೂ ಇದೆ. ಜಮಖಾನ, ಚಾಪೆ, ಕಾಲೊರೆಸುವ ಮ್ಯಾಟ್ ಮೇಲೂ ಬೇಡ. ಮೆತ್ತನೆಯ ಹಾಸಿನಲ್ಲಿ ಕಾಲು ಹುಗಿದು ಮಿಷನ್ನಿನ ಹೊಟ್ಟೆ ನೆಲಕ್ಕೆ ತಾಗುತ್ತದೆ. ಆಗ ಒಂದಿಷ್ಟು ಭಾರ ಕಾಲುಗಳಿಗೆ ಸಿಗುವುದೇ ಇಲ್ಲ, ತೂಕ ಕಡಿಮೆ ತೋರಿಸುತ್ತದೆ.

ನೆಲ ಸರಿಯಿದೆಯೇ ಅಂತ ನೋಡುವುದು ಸುಲಭ. ಎದುರುಬದುರು ಮೂಲೆಗಳನ್ನು ಎರಡೂ ಕೈಯಿಂದ ಒಂದಾದ ಮೇಲೊಂದು ಒತ್ತಿ. ಕಟಕಟ ಅಂದರೆ ಒಂದು ಕಾಲು ಗಾಳಿಯಲ್ಲಿದೆ. ಇನ್ನೂ ಖಚಿತವಾಗಬೇಕಾದರೆ ಮನೆಯವರೊಬ್ಬರು ಮೇಲೆ ನಿಂತಾಗ ಪ್ರತಿ ಕಾಲಿನ ಅಡಿ ಕಾಗದದ ಚೂರು ತೂರಿಸಿ ನೋಡಿ. ಎಲ್ಲಿ ಸಲೀಸಾಗಿ ಒಳಗೆ ಹೋಯಿತೋ ಆ ಕಾಲು ಕೆಲಸ ಮಾಡುತ್ತಿಲ್ಲ.

ಇಡೀ ಮನೆಯಲ್ಲಿ ಸಮ ಜಾಗವೇ ಇಲ್ಲದಿದ್ದರೆ ನಾನು ಹೇಳುವ ಉಪಾಯ ಗ್ರಾನೈಟ್ ತುಂಡು. ಕುಷ್ಟಗಿ, ಇಳಕಲ್ ಕಡೆಯ ಗ್ರಾನೈಟ್ ಹೆಸರಾದದ್ದು, ನಮ್ಮ ಊರುಗಳಲ್ಲಿ ಗ್ರಾನೈಟ್ ಅಂಗಡಿಗೇನೂ ಬರವಿಲ್ಲ. ಕಟ್ ಮಾಡಿ ಉಳಿದ ದಪ್ಪ ತುಂಡು, ಮಿಷನ್‌ಗಿಂತ ಎರಡು ಬೆರಳು ದೊಡ್ಡದು, ಕೇಳಿದರೆ ಕಡಿಮೆಗೇ ಕೊಡುತ್ತಾರೆ. ನೆಲಕ್ಕೆ ತೆಳುವಾಗಿ ಸಣ್ಣ ಮರಳು ಹಾಕಿ, ಪಾಲಿಶ್ ಬದಿ ಮೇಲೆ ಬರುವಂತೆ ಕೂರಿಸಿ. ಒಂದು ಲೋಟ ನೀರು ಇಟ್ಟು ಸಮವಿದೆಯೇ ನೋಡಿ. ಆಮೇಲೆ ಮಿಷನ್ನಿನ ಜಾಗ ಅದೇ, ಬದಲಿಸಬೇಡಿ.

ಎರಡನೆಯದು ಸೊನ್ನೆ. ಬಹಳ ಮನೆಗಳಲ್ಲಿ ಮಿಷನ್ನನ್ನು ಗೋಡೆಗೆ ಒರಗಿಸಿಯೋ ಮಂಚದ ಕೆಳಗೆ ತಳ್ಳಿಯೋ ಇಟ್ಟು, ಬೇಕಾದಾಗ ತೆಗೆದು ತಟ್ಟನೆ ಹತ್ತುತ್ತಾರೆ. ಕಾಲಿಟ್ಟ ಕೂಡಲೇ ತಾನೇ ಆನ್ ಆಗುವ ಮಿಷನ್ ಹಿಂದಿನ ಸಲದ ಸೊನ್ನೆಯನ್ನೇ ಇಟ್ಟುಕೊಂಡಿರುತ್ತದೆ. ನಿಲ್ಲಿಸಿ ಇಟ್ಟದ್ದನ್ನು ಮಲಗಿಸಿದಾಗ ಲೋಡ್ ಸೆಲ್‌ಗಳ ಮೇಲಿನ ಭಾರವೇ ಬೇರೆ. ಹಾಗಾಗಿ ಮೊದಲ ಸಲ ‘ಸಿ’ ಅಥವಾ ‘ಎರ್’ ಬರುತ್ತದೆ, ಇಲ್ಲವೇ ಒಂದೆರಡು ಕೆಜಿ ಆಚೀಚೆ ತೋರಿಸುತ್ತದೆ. ಮಾಡಬೇಕಾದ್ದು ಇಷ್ಟು: ಜಾಗ ಬದಲಿಸಿದ ಮೇಲೆ ಒಂದು ಪಾದದಿಂದ ನಡುವೆ ಒತ್ತಿ ಬಿಡಿ. ಅಂಕಿ ಮೂಡಿ, 0.0 ಬಂದು, ತಾನೇ ಆಫ್ ಆಗುವ ತನಕ ಮುಟ್ಟಬೇಡಿ. ಆಮೇಲೆ ನಿಧಾನ ಹತ್ತಿ, ಎರಡೂ ಪಾದಕ್ಕೆ ಸಮ ಭಾರ ಕೊಟ್ಟು, ನೇರ ಮುಂದೆ ನೋಡುತ್ತಾ ನಿಲ್ಲಿ. ಬಗ್ಗಿ ಅಂಕಿ ನೋಡಿದರೆ ಭಾರ ಮುಂದಕ್ಕೆ ಸರಿದು ಅಂಕಿ ಓಡಾಡುತ್ತದೆ. ವಯಸ್ಸಾದವರು ಗೋಡೆ ಹಿಡಿದು ನಿಂತರೆ ತೂಕ ಕಡಿಮೆ ಬರುತ್ತದೆ. ಅವರಿಗೆ ಹತ್ತಲು ಕೈ ಕೊಡಿ, ಹತ್ತಿದ ಮೇಲೆ ಬಿಡಿ, ಆದರೆ ಬಿದ್ದರೆ ಹಿಡಿಯುವಷ್ಟು ಹತ್ತಿರವೇ ಇರಿ.

ಇವೆರಡನ್ನು ಸರಿ ಮಾಡಿದರೆ ನನ್ನ ಅಂಗಡಿಗೆ ಬರುವ ‘ಎರ್’ ಮಿಷನ್‌ಗಳಲ್ಲಿ ಹೆಚ್ಚಿನವಕ್ಕೆ ಸ್ಕ್ರೂಡ್ರೈವರೇ ಬೇಕಾಗುವುದಿಲ್ಲ.

ಓವರ್‌ಲೋಡ್

‘ಓ-ಎಲ್‌ಡಿ’ ಅಂತಲೋ ಬರೀ ‘ಇ ಇ ಇ ಇ’ ಅಂತಲೋ ಬರುತ್ತದೆ. ಮಿತಿ ಎಷ್ಟು ಅಂತ ಹಿಂಬದಿ ಚೀಟಿಯಲ್ಲಿ ಇರುತ್ತದೆ, ಸಾಮಾನ್ಯವಾಗಿ 150 ಅಥವಾ 180 ಕೆಜಿ. 60 ಕೆಜಿ ಇರುವವರಿಗೂ ಇದು ಬಂದರೆ ಹೆದರಬೇಡಿ. ಜಿಗಿದು ಹತ್ತಿದರೆ ಒಂದು ಕ್ಷಣ ಭಾರ ಜಾಸ್ತಿ ಬೀಳುತ್ತದೆ. ನಿಧಾನ ಹತ್ತಿದರೂ, ಸೊನ್ನೆ ಸರಿ ಮಾಡಿದರೂ, ಮತ್ತೆ ಮತ್ತೆ ಅದೇ ಬಂದರೆ ಒಳಗೆ ಯಾವುದೋ ಲೋಡ್ ಸೆಲ್‌ನ ತಂತಿ ಕಿತ್ತಿರುವ ಸಾಧ್ಯತೆ ಹೆಚ್ಚು. ಒಂದು ತಂತಿ ಬಿಟ್ಟರೆ ಬ್ರಿಜ್‌ನ ಸಮತೋಲ ಪೂರ್ತಿ ತಪ್ಪಿ, ಚಿಪ್ ಅಳೆಯುವ ಮಿತಿಯನ್ನೇ ದಾಟುತ್ತದೆ. ಅದನ್ನು ಕೊನೆಯಲ್ಲಿ ನೋಡೋಣ.

ಒಮ್ಮೆಲೇ 70 ಹೋಗಿ 154 ಬಂದರೆ ಅದು ದೋಷವೇ ಅಲ್ಲ, ಪೌಂಡ್ ಲೆಕ್ಕ. ಒಂದು ಕೆಜಿಗೆ ಸುಮಾರು 2.2 ಪೌಂಡ್. ಹಿಂಬದಿಯ ಸಣ್ಣ ಬಟನ್ ಒತ್ತಿದರೆ ಕೆಜಿಗೆ ಬರುತ್ತದೆ. 11 ಅಂತ ಬಂದರೆ ಅದು ಸ್ಟೋನ್, ಬ್ರಿಟನ್ನಿನವರ ಲೆಕ್ಕ.

ಎರ್ ಬರದೆ ತಪ್ಪು ತೋರಿಸುವ ಮಿಷನ್

ಇಲ್ಲಿ ಸ್ವಲ್ಪ ನಿಂತು ಓದಿ. ಆನ್ ಆದಾಗ ಮೊದಲು ಎಲ್ಲ ಕಡೆ 8 ಮೂಡುತ್ತದೆ, ‘188.8’ ಅಂತಲೋ ‘8888’ ಅಂತಲೋ. ಅದು ಎಲ್ಲ ಕಡ್ಡಿಗಳೂ ಬೆಳಗುತ್ತಿವೆ ಅಂತ ತೋರಿಸಲು. ಜನ ಅದನ್ನು ನೋಡುವುದೇ ಇಲ್ಲ. ನೋಡಿ. ಒಂದು 8ರ ನಡುವಿನ ಕಡ್ಡಿ ಹೋಗಿದ್ದರೆ ಅದು 0 ಆಗಿ ಕಾಣುತ್ತದೆ. 58 ಇರುವವರಿಗೆ 50 ಕಾಣುತ್ತದೆ, ಯಾವ ಎರ್ ಕೂಡ ಬರುವುದಿಲ್ಲ. ತೂಕ ಇಳಿಯಿತು ಅಂತ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ, ಇಲ್ಲವೇ ಏರಿದ ತೂಕ ಗೊತ್ತೇ ಆಗದೆ ಹೋಗುತ್ತದೆ. ಡಿಸ್‌ಪ್ಲೇಗೂ ಬೋರ್ಡಿಗೂ ನಡುವೆ ಇರುವ ರಬ್ಬರ್ ಪಟ್ಟಿಯಲ್ಲಿ ಧೂಳು ಕೂತರೆ ಹೀಗಾಗುತ್ತದೆ. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಅದಿರಿನ ಧೂಳು ಎಂಥ ಸಂದಿಗೂ ನುಗ್ಗುವುದು ಅಲ್ಲಿಯವರಿಗೆ ಗೊತ್ತು. ರಿಪೇರಿಯವರು ಬಿಚ್ಚಿ ಸ್ಪಿರಿಟ್‌ನಲ್ಲಿ ಒರೆಸಿ ಕೂರಿಸಿದರೆ ಸರಿಯಾಗುತ್ತದೆ.

ಇನ್ನೊಂದು ಗುಟ್ಟು ಇದೆ. ಕಡಿಮೆ ಬೆಲೆಯ ಎಷ್ಟೋ ಮಿಷನ್‌ಗಳು ಹಿಂದಿನ ತೂಕವನ್ನು ನೆನಪಿಟ್ಟುಕೊಳ್ಳುತ್ತವೆ. ಹೊಸ ತೂಕ ಅದಕ್ಕೆ ತೀರಾ ಹತ್ತಿರ ಇದ್ದರೆ ಹಳೆ ಅಂಕಿಯನ್ನೇ ಮತ್ತೆ ತೋರಿಸಿಬಿಡುತ್ತವೆ. ಪ್ರತಿ ಸಲ ಒಂದೇ ಅಂಕಿ ಬಂದರೆ ಮಿಷನ್ ಬಹಳ ನಿಖರ ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಪರೀಕ್ಷೆ ಹೀಗೆ ಮಾಡಿ: ತೂಕ ನೋಡಿ ಇಳಿಯಿರಿ. ಕಾಲು ಲೀಟರ್ ನೀರಿನ ಬಾಟಲಿ ಹಿಡಿದು ಮತ್ತೆ ಹತ್ತಿ. ಅಂಕಿ ಒಂದಿಷ್ಟೂ ಏರದಿದ್ದರೆ ಈ ಮಿಷನ್ ಹಳೆಯದನ್ನೇ ಹೇಳುತ್ತಿದೆ. ದಿನಾ ತೂಕ ಬರೆಯುವವರು ಮೊದಲು ಐದಾರು ಕೆಜಿಯ ಬೇರೆ ಯಾವುದಾದರೂ ವಸ್ತು ತೂಗಿ, ಅದು ಆಫ್ ಆದ ಮೇಲೆ ತಾವು ಹತ್ತಬೇಕು. ಆಗ ಹಳೆ ನೆನಪು ಅಳಿಯುತ್ತದೆ.

ನಿಖರತೆ ನೋಡಲು ನಮ್ಮ ಕಡೆ ಅಕ್ಕಿ ಚೀಲಕ್ಕಿಂತ ಒಳ್ಳೆಯ ತೂಕದ ಕಲ್ಲು ಇಲ್ಲ. ಹೊಲಿಗೆ ಬಿಚ್ಚದ ಸೋನಾ ಮಸೂರಿ ಚೀಲ ತಗೊಳ್ಳಿ. ಮೇಲೆ ಎಷ್ಟು ಅಂತ ಓದಿಕೊಳ್ಳಿ. 2022ರ ಜುಲೈ 18ರಿಂದ 25 ಕೆಜಿ ತನಕದ ಪ್ಯಾಕೆಟ್ ಅಕ್ಕಿಗೆ ಜಿಎಸ್‌ಟಿ ಬಂದ ಮೇಲೆ 26 ಕೆಜಿ ಚೀಲಗಳೂ ಬಂದಿವೆ, ಎಲ್ಲವೂ 25 ಅಂತ ತಿಳಿಯಬೇಡಿ. ಮೊದಲು ನೀವೊಬ್ಬರೇ ನಿಲ್ಲಿ, ಆಮೇಲೆ ಗಟ್ಟಿ ಆಳೊಬ್ಬರು ಎತ್ತಿಕೊಟ್ಟ ಚೀಲ ಹಿಡಿದು ನಿಲ್ಲಿ, ಕಳೆಯಿರಿ. ಕಾಲು ಕೆಜಿಯೊಳಗೆ ವ್ಯತ್ಯಾಸ ಇದ್ದರೆ ಮನೆ ಬಳಕೆಗೆ ಚಿಂತೆಯಿಲ್ಲ. ಸೊಂಟ ನೋವಿದ್ದವರು ಇದಕ್ಕೆ ಕೈ ಹಾಕಬೇಡಿ. ಗ್ಯಾಸ್ ಸಿಲಿಂಡರ್ ತೂಗಲು ಹೋಗಲೇಬೇಡಿ, ಅದರ ಕೆಳಗಿನ ಉಕ್ಕಿನ ಬಳೆ ಗಾಜು ಒಡೆಯಬಲ್ಲದು. ಕೂಸನ್ನು ಎತ್ತಿಕೊಂಡು ಹತ್ತಿ ಕಳೆಯುವ ಲೆಕ್ಕವೂ ಎಳೆ ಮಕ್ಕಳಿಗೆ ಸಾಲದು. ಈ ಮಿಷನ್ 100 ಗ್ರಾಂಗಿಂತ ಸಣ್ಣದು ಸಾಮಾನ್ಯವಾಗಿ ತೋರಿಸುವುದಿಲ್ಲ, ಕೂಸಿಗೆ ಅಷ್ಟೂ ದೊಡ್ಡ ಲೆಕ್ಕವೇ. ಅಂಗನವಾಡಿಯಲ್ಲಿ ಮಕ್ಕಳ ತೂಕದ ಮಿಷನ್ ಇರುತ್ತದೆ, ಅಲ್ಲಿಗೆ ಕರೆದೊಯ್ಯಿರಿ.

ಬೇಸಿಗೆಯಲ್ಲಿ

ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್, ಮೇ ಬಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಮನೆಯಲ್ಲಿ ಇನ್ನೂ ಜಾಸ್ತಿ. ಈ ಮಿಷನ್‌ಗಳಲ್ಲಿ ಹೆಚ್ಚಿನವನ್ನು 40 ಡಿಗ್ರಿ ತನಕಕ್ಕೆ ಮಾತ್ರ ಮಾಡಿರುತ್ತಾರೆ. ಬಿಸಿಲು ಬೀಳುವ ಕಿಟಕಿ ಪಕ್ಕ ಇಟ್ಟರೆ ಡಿಸ್‌ಪ್ಲೇ ಪೂರ್ತಿ ಕಪ್ಪಾಗುವುದು, ಸೊನ್ನೆ ಸರಿಯುವುದು ಸಹಜ. ನೆರಳಿಗೆ ತಂದು ಆರಲು ಬಿಟ್ಟರೆ ತಾನೇ ಸರಿಹೋಗುತ್ತದೆ. ಫ್ರಿಜ್ಜಿನಲ್ಲಿ ಇಡುವ ಬುದ್ಧಿ ಬೇಡ, ಒಳಗೆ ನೀರಿನ ಪಸೆ ಕಟ್ಟುತ್ತದೆ. ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ತಿನ್ನುವ ಮೊದಲು ತೂಕ ನೋಡುವುದು ದೇಹಕ್ಕೂ ಸರಿಯಾದ ಹೊತ್ತು, ಮಿಷನ್‌ಗೂ ತಂಪು ಹೊತ್ತು.

ಮೈಯ ಕೊಬ್ಬು ತೋರಿಸುವ ಮಿಷನ್ ಆದರೆ ತೂಕ ಬಂದು ಕೊಬ್ಬಿನ ಜಾಗದಲ್ಲಿ ಮಾತ್ರ ‘ಎರ್’ ಬರಬಹುದು. ಅದು ಪಾದದ ಮೂಲಕ ಸಣ್ಣ ಕರೆಂಟ್ ಹಾಯಿಸಿ ಅಳೆಯುತ್ತದೆ. ಹೊಲದಲ್ಲಿ ಬರಿಗಾಲಲ್ಲಿ ದುಡಿದವರ ಹಿಮ್ಮಡಿ ದಪ್ಪಗೆ, ಒಣಗಿ, ಒಡೆದಿರುತ್ತದೆ. ಆ ಚರ್ಮದಲ್ಲಿ ಕರೆಂಟ್ ಸುಲಭವಾಗಿ ಹಾಯುವುದಿಲ್ಲ. ಪಾದವನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡು, ಲೋಹದ ಪಟ್ಟಿಗಳ ಮೇಲೆ ಸರಿಯಾಗಿ ಇಡಿ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಇಂಥ ಮಿಷನ್ ಹತ್ತಲೇಬಾರದು. ಅವರಿಗೆ ಬರೀ ತೂಕದ್ದೇ ಇರಲಿ.

ಬಿಚ್ಚುವ ಮೊದಲು

ಎಲ್ಲ ಆದ ಮೇಲೂ ತಪ್ಪೇ ಬಂದರೆ ಯಾವ ಕಾಲು ಕೆಟ್ಟಿದೆ ಅಂತ ಹುಡುಕಬೇಕು. ಹತ್ತು ಕೆಜಿಯ ಹಿಟ್ಟಿನ ಚೀಲವನ್ನು ಒಂದೊಂದು ಮೂಲೆಗೆ ಇಟ್ಟು ಅಂಕಿ ಬರೆದುಕೊಳ್ಳಿ. ಚೀಲ ಅಂಚಿನಿಂದ ಹೊರಗೆ ಬಂದು ಮಿಷನ್ ಮಗುಚದಂತೆ ನೋಡಿಕೊಳ್ಳಿ. ನಾಲ್ಕೂ ಕಡೆ ಹತ್ತಿರ ಹತ್ತಿರ ಒಂದೇ ಅಂಕಿ ಬರಬೇಕು. ಒಂದು ಕಡೆ ಮಾತ್ರ ಬಹಳ ಕಡಿಮೆ ಬಂದರೆ ಆ ಕಾಲಿನ ರಬ್ಬರ್ ಇದೆಯೇ, ಸಂದಿನಲ್ಲಿ ಕಲ್ಲಿನ ಚೂರು, ಜಿರಳೆ ಮೊಟ್ಟೆ, ಇರುವೆ ಗೂಡು ಇದೆಯೇ ನೋಡಿ. ಕಾಲು ಕೈಯಲ್ಲಿ ಒತ್ತಿದರೆ ಚೂರು ಅಲುಗಬೇಕು. ಕಸದಿಂದ ಸಿಕ್ಕಿಕೊಂಡಿದ್ದರೆ ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಬಿಡುತ್ತದೆ.

ಕಸ ಇಲ್ಲದಿದ್ದರೆ ತಂತಿ. ಬೆಸುಗೆ ಗೊತ್ತಿದ್ದವರು ಮಾತ್ರ ಬಿಚ್ಚಿ. ಸೆಲ್ ತೆಗೆದು, ಹಿಂಬದಿ ಸ್ಕ್ರೂ ಬಿಚ್ಚಿ, ಪ್ರತಿ ಲೋಡ್ ಸೆಲ್‌ನಿಂದ ಬರುವ ಮೂರು ತೆಳು ತಂತಿಗಳನ್ನು ನೋಡಿ. ಹೆಚ್ಚಾಗಿ ಬೋರ್ಡಿನ ಬೆಸುಗೆ ಹತ್ತಿರವೇ ಕಿತ್ತಿರುತ್ತದೆ. ಕಣ್ಣಿಗೆ ಕಾಣದಿದ್ದರೆ ಮಲ್ಟಿಮೀಟರ್‌ನಲ್ಲಿ ನಾಲ್ಕು ಲೋಡ್ ಸೆಲ್‌ಗಳ ರೆಸಿಸ್ಟೆನ್ಸ್ ಹೋಲಿಸಿ. ತಂತಿಗಳು ಬೋರ್ಡಿನಲ್ಲಿ ಒಂದಕ್ಕೊಂದು ಸೇರಿರುವುದರಿಂದ ಅನುಮಾನ ಇರುವ ಲೋಡ್ ಸೆಲ್‌ನ ತಂತಿ ಬಿಡಿಸಿಯೇ ಅಳೆಯಬೇಕು, ಬಿಡಿಸುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಒಂದು ಮಾತ್ರ ಉಳಿದ ಮೂರರಿಂದ ಬೇರೆ ಇದ್ದರೆ ಅದೇ ಕೆಟ್ಟದ್ದು. ತಂತಿ ಕಿತ್ತಿದ್ದರೆ ಬೆಸುಗೆ ಹಾಕಿ ಮತ್ತೆ ಬಳಸಬಹುದು. ಲೋಡ್ ಸೆಲ್‌ನ ಉಕ್ಕೇ ಬಾಗಿ ಗೇಜ್ ಎದ್ದಿದ್ದರೆ ನಾನು ರಿಪೇರಿಗೆ ಒಪ್ಪುವುದಿಲ್ಲ. ಬೇರೆ ಮಿಷನ್ನಿನ ಲೋಡ್ ಸೆಲ್ ಹಾಕಿದರೆ ಅಂಕಿ ಬರುತ್ತದೆ, ಆದರೆ ನಾಲ್ಕೂ ಮೂಲೆ ಒಂದೇ ರೀತಿ ತೂಗುವುದಿಲ್ಲ. ಔಷಧಿ ಲೆಕ್ಕಕ್ಕೆ ತೂಕ ಬರೆಯುವ ಮನೆಗೆ ಅಂಥದ್ದನ್ನು ಕೊಡಲು ನನಗೆ ಮನಸ್ಸಿಲ್ಲ.

ಗಾಜಿನ ಅಂಚು ಚೂರು ಹಾರಿದ್ದರೂ ಹತ್ತುವುದು ನಿಲ್ಲಿಸಿ. ಅದು ಟಫನ್ ಮಾಡಿದ ಗಾಜು. ಅಂಚಿಗೆ ಪೆಟ್ಟು ಬಿದ್ದದ್ದು ಮುಂದೆ ಯಾವತ್ತೋ ಒಂದು ದಿನ ಭಾರ ಬಿದ್ದಾಗ ಒಮ್ಮೆಲೇ ಪುಡಿಯಾಗಬಹುದು. ಅದಕ್ಕೆ ಟೇಪ್ ಅಂಟಿಸಿ ಬಳಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಸೆಲ್ ತೆಗೆದು, ಗೋಣಿಚೀಲದಲ್ಲಿ ಸುತ್ತಿ, ಎಲೆಕ್ಟ್ರಾನಿಕ್ ಕಸ ತಗೊಳ್ಳುವವರಿಗೆ ಕೊಡಿ. ತಿಪ್ಪೆಗೆ ಹಾಕಿ ಬೆಂಕಿ ಹಚ್ಚಬೇಡಿ.